ಬೀಳಿಸಿದವರು ಯಾರು?

ಗಂಡ ಬೂತಪ್ಪ ತೀರಿಕೊಂಡ ವರ್ಷ, ಎರಡು ಸಾವಿರದ ಐದರಲ್ಲಿ, ಸೀತಕ್ಕ ಕೊಪ್ಪದ ಕಲ್ಯಾಣ ಮಂಟಪದಲ್ಲಿ ಪಾತ್ರೆ ತೊಳೆಯಲು ಸೇರಿದಳು. ಕೂಲಿಗಿಂತ ಅವಳಿಗೆ ಬೇಕಾಗಿದ್ದದ್ದು ಜನರ ಮಾತು. ಮನೆಯಲ್ಲಿ ಒಬ್ಬಳೇ ಕೂತರೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಮೊದಲ ಮದುವೆಯಲ್ಲೇ ಎಡವಟ್ಟಾಯಿತು. ಹಿತ್ತಲಲ್ಲಿ ಪಾತ್ರೆ ತೊಳೆಯುವಾಗ ಯಾರದೋ ಕೈಜಾರಿ ಹಿತ್ತಾಳೆ ಕೊಳಗ ಕಲ್ಲಿನ ಮೇಲೆ ಬಿತ್ತು. ಸೀತಕ್ಕ ತಲೆ ಮುಚ್ಚಿಕೊಂಡು ಗೋಡೆ ಮೂಲೆಯಲ್ಲಿ ಕುಕ್ಕರಿಸಿದಳು. ಬಾಯಲ್ಲಿ ಒಂದೇ ಮಾತು: "ನಾನಲ್ಲ, ನಾನಲ್ಲ."

ಎರಡನೇ ಸಲವೂ ಹಾಗೇ ಆದಾಗ ಅಡುಗೆಯ ಸುಬ್ಬಯ್ಯಭಟ್ಟರು ಪಾತ್ರೆಯವರ ಮೇಸ್ತ್ರಿ ಜಲಜಮ್ಮನನ್ನು ಕರೆದರು. "ಇವಳಿಗೆ ಎಂತದೋ ಗಾಳಿ ತಾಗಿದೆ ಮಾರಾಯ್ತಿ. ನೆಂಟರು ನೋಡಿದ್ರೆ ಎಂತ ಹೇಳ್ತಾರೆ? ಹೀಗೇ ಆದ್ರೆ ಕಳಿಸಿಬಿಡು."

ಜಲಜಮ್ಮ ಕಳಿಸಲಿಲ್ಲ. ಚಾ ಕೊಟ್ಟು ಕೇಳಿದಳು, "ಆಗ ನಿಂಗೆ ಎಂತ ಕಾಣ್ತದೆ?"

"ಎಂತದೂ ಕಾಣಲ್ಲ. ಸುಮ್ನೆ ಸಣ್ಣವಳಾಗಿಬಿಡ್ತೀನಿ. ಈಗ ಹೊಡೀತಾರೆ ಅನ್ನಿಸ್ತದೆ."

"ಎಷ್ಟು ಸಣ್ಣವಳು?"

ಇದನ್ನು ಯಾರೂ ಕೇಳಿರಲಿಲ್ಲ. ಸೀತಕ್ಕ ಲೋಟ ಕೆಳಗಿಟ್ಟಳು. "ಲಂಗ ಹಾಕೋ ಪ್ರಾಯ. ಎನ್.ಆರ್. ಪುರದಲ್ಲಿ ಒಬ್ರ ಮನೇಲಿ ಕೆಲಸಕ್ಕಿದ್ದೆ. ಯಾರು ಎಂತ ಬೀಳಿಸಿದ್ರೂ ಹೊಡೆತ ನಂಗೇ. ಸೌದೆ ಕೊಟ್ಟಿಗೇಲಿ ಕೂಡಿ ಚಿಲಕ ಹಾಕೋರು."

"ನಿನ್ನ ಮನೇಲಿ ಪಾತ್ರೆ ಬೀಳ್ತಿರಲಿಲ್ವಾ?"

"ಬೀಳ್ತಿತ್ತು. ನಮ್ಮನೆಯವರು ಕೂಡ್ಲೆ ಕೂಗೋರು, 'ನಾನೇ ಕಣೇ' ಅಂತ. ನಾ ಬೀಳಿಸಿದ್ರೂ 'ನಾನೇ' ಅನ್ನೋರು." ಅಷ್ಟು ಹೇಳಿದವಳೇ ಅತ್ತುಬಿಟ್ಟಳು. ಗಂಡನನ್ನು ಸುಟ್ಟ ದಿನವೂ ಅವಳಿಗೆ ಅಳು ಬಂದಿರಲಿಲ್ಲ.

ಮುಂದಿನ ಮದುವೆಗೆ ಜಲಜಮ್ಮ ಕಟ್ಟಳೆ ಮಾಡಿದಳು. ಬೀಳಿಸಿದವರು ಕೂಡಲೇ ತಮ್ಮ ಹೆಸರು ಕೂಗಬೇಕು.

"ರೇಖಾ! ಜಾಲರಿ ಸೌಟು!" ಎಂದು ಮೊದಲು ಕೂಗಿದ್ದು ಪಾತ್ರೆ ತೊಳೆಯುವ ಹುಡುಗಿ ರೇಖಾ.

"ಕಣ್ಣು ಎಲ್ಲಿತ್ತೇ? ಮದುಮಗನ ತಮ್ಮನ ಮೇಲಾ?" ಎಂದು ಉಳಿದವರು ಕೆಣಕಿದರು.

ಸೀತಕ್ಕನ ಕೈ ಆಗಲೂ ತಲೆಗೆ ಹೋಯಿತು. ಹೆಸರು ಕೇಳಿದ ಮೇಲೆ ನಿಧಾನಕ್ಕೆ ಇಳಿಯಿತು. ಕೆಲವು ದಿನ ಇಳಿಯುತ್ತಲೂ ಇರಲಿಲ್ಲ. ಆಗ ಜಲಜಮ್ಮ ಆ ಕೈಗಳನ್ನೇ ಹಿಡಿದು ತೋರಿಸುತ್ತಿದ್ದಳು, "ನೋಡೇ, ಇದು ಲಂಗ ಹಾಕೋಳ ಕೈಯಾ? ಬೂದಿ ತಿಕ್ಕಿ ತಿಕ್ಕಿ ಸವೆದ ಮುದುಕಿ ಕೈ." ಬರಬರುತ್ತಾ ಸೀತಕ್ಕ ತಾನೇ ಕೈ ನೋಡಿಕೊಳ್ಳುವುದನ್ನು ಕಲಿತಳು.

ಒಂದು ದಿನ ಪಾಯಸದ ಮುಚ್ಚಳ ಉರುಳಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಅಡುಗೆಮನೆ ಒಳಗಿಂದ ಭಟ್ಟರ ಸಣ್ಣ ದನಿ ಬಂತು: "ಸುಬ್ಬಯ್ಯ." ಹಿತ್ತಲೆಲ್ಲ ನಕ್ಕಿತು, ಸೀತಕ್ಕನೂ.

ಮಾಘದ ಒಂದು ಮದುವೆಯಲ್ಲಿ ಅದೇ ಹಿತ್ತಾಳೆ ಕೊಳಗ ಅವಳ ಕೈಯಿಂದಲೇ ಜಾರಿತು. ಎಲ್ಲರೂ ತಿರುಗಿ ನೋಡಿದರು. ನಾಲಿಗೆಯ ತುದಿಗೆ ಬಂದದ್ದು "ನಾನಲ್ಲ." ಅವಳು ಒದ್ದೆ ಕೈ ನೋಡಿಕೊಂಡಳು. "ನಾನೇ... ಸೀತ."

"ಯಾರಂತೆ? ಕೇಳ್ಲಿಲ್ಲ!" ಎಂದಳು ರೇಖಾ.

"ಸೀತಕ್ಕ! ಕಿವಿ ಅಡ ಇಟ್ಟಿದೀಯೇನೇ?" ಎಂದು ಅವಳು ಈ ಸಲ ಗಟ್ಟಿಯಾಗಿ ಕೂಗಿದಳು.

ಭಟ್ಟರು ಬಾಗಿಲಿಗೆ ಬಂದರು. ಸೀತಕ್ಕ ನೆಟ್ಟಗೆ ನಿಂತೇ ಇದ್ದಳು.

"ಏಟಾಯ್ತಾ?"

"ಕೊಳಗಕ್ಕೆ ಆಯ್ತು ಭಟ್ರೇ. ನಂಗೆಂತದೂ ಆಗ್ಲಿಲ್ಲ."

"ಹಾಗಾದ್ರೆ ನಾಳಿದ್ದು ಶೃಂಗೇರೀಲಿ ಮುಂಜಿ ಉಂಟು, ಬೆಳಿಗ್ಗೆ ಬಸ್ಸಿಗೆ ಬಾ."

ಸಂಜೆ ಮನೆಯಲ್ಲಿ ಅನ್ನ ಬಡಿಸಿಕೊಳ್ಳುವಾಗ ತಟ್ಟೆ ಜಾರಿ ಬಿತ್ತು. "ನಾನೇ ಕಣ್ರೀ" ಎಂದಳು, ಬೂತಪ್ಪ ಕೂರುತ್ತಿದ್ದ ಕಡೆಗೆ. ತಟ್ಟೆ ತೊಳೆದು, ಕೂತು, ಉಂಡಳು.