ಬೆಚ್ಚಗಾಗದ ಕಾಲು

ಕಜೆಟನ್‌ನ ಅಜ್ಜ ಜೋಕಿಮ್, ಕಾರ್ಕಳದ ಕಲ್ಲುಕೋರೆಯಲ್ಲಿ ಗಾಡಿಯಡಿ ಸಿಕ್ಕಿಬಿದ್ದ ಕೋಣವನ್ನು ಹೆಗಲು ಕೊಟ್ಟು ಎಬ್ಬಿಸಿದವನು. ಅಪ್ಪ ಬ್ಯಾಪ್ಟಿಸ್ಟ್ ಪೆರ್ಡೂರಿನಿಂದ ಹೆಜಮಾಡಿಯವರೆಗೆ ಹೆಸರಾದವನು. ಕೋಣದ ಕಾಲಿನ ನರ, ಅಂದರೆ ಸ್ನಾಯುರಜ್ಜು, ಹೋಯಿತೆಂದರೆ ಕಾದ ಕಬ್ಬಿಣದಿಂದ ಮೂರು ಬರೆ ಎಳೆದು, ತಿಂಗಳೊಳಗೆ ಮತ್ತೆ ನೊಗಕ್ಕೆ ಕಟ್ಟಿಸುತ್ತಿದ್ದ. ಅದೇ ಕಬ್ಬಿಣವನ್ನು ಒಮ್ಮೆ ಮಗನ ಉಳುಕಿದ ಕಾಲಿಗೂ ಇಟ್ಟ. ಆಗ ಕಜೆಟನ್‌ಗೆ ಒಂಬತ್ತು ವರ್ಷ.

ಅಂಥ ವಂಶದವನು ೧೯೮೨ರಲ್ಲಿ ಮಣಿಪಾಲದ ಆಸ್ಪತ್ರೆಯ ಮಂಚದ ಮೇಲೆ ಬೋರಲು ಮಲಗಿ ಬೆವರುತ್ತಿದ್ದ. ಕಲ್ಲು ಹೇರಿದ ಗಾಡಿ ಇಳಿಜಾರಿನಲ್ಲಿ ಜಾರಿ, ಅವನ ಹಿಮ್ಮಡಿಯ ನರವೂ ಕೋಣ ಚೆನ್ನನ ಹಿಂಗಾಲಿನ ನರವೂ ಒಂದೇ ಏಟಿಗೆ ಅರ್ಧ ಹರಿದಿದ್ದವು. ಚೆನ್ನನಿಗೆ ಹಟ್ಟಿಯಲ್ಲಿ ಎಣ್ಣೆ ನೀವುವುದು, ಇವನಿಗೆ ಇಲ್ಲಿ ಅಲ್ಟ್ರಾಸೌಂಡ್ ಯಂತ್ರದ ಶಾಖ.

ಯಂತ್ರಕ್ಕೆ ಅವನು ಹೆದರಲಿಲ್ಲ. ಹೆದರಿದ್ದು ಅದನ್ನು ನಡೆಸುವ ಇಮೆಲ್ಡಾಳ ಪ್ರಶ್ನೆಗೆ. ಲೋಳೆ ಸವರಿ, ಯಂತ್ರದ ಪುಟ್ಟ ತಲೆಯನ್ನು ಹಿಮ್ಮಡಿಯ ಮೇಲೆ ಸುತ್ತಿಸುತ್ತ ಅವಳು ಚಿಕ್ಕಪ್ಪನನ್ನು ಕರೆಯುವ ಹಾಗೆ ದಿನವೂ ಕೇಳುತ್ತಿದ್ದಳು: “ಬೆಚ್ಚಗೆ ಆಗ್ತದಾ, ಬಾಪ್ಪು?”

ಅಲ್ಲಿ ಅಂಗೈಯಗಲ ಜಾಗದಲ್ಲಿ ಇರುವೆ ಕಚ್ಚಿದರೂ ಅವನಿಗೆ ತಿಳಿಯುತ್ತಿರಲಿಲ್ಲ. ಅಪ್ಪ ಹಾಕಿದ ಬರೆಯಿಂದಲೋ ಬೇರೆ ಯಾವುದರಿಂದಲೋ, ದೇವರೇ ಬಲ್ಲ. ಸ್ಪರ್ಶ ಸತ್ತ ಚರ್ಮವೆಂದರೆ ಊರ ಬಾಯಲ್ಲಿ ಒಂದೇ ಅರ್ಥ, ಕುಷ್ಠ. ಈಸ್ಟರ್ ಕಳೆದರೆ ಮಗಳು ಲೊರ್ನಾಳ ಮದುವೆ. ಗಂಡಿನ ಮನೆಗೆ ಗಾಳಿಸುದ್ದಿ ಮುಟ್ಟಿದರೂ ಸಾಕು, ಸಂಬಂಧ ಮುರಿದ ಹಾಗೆಯೇ. ಮೊದಲ ದಿನ ಬಿಸಿನೀರು, ತಣ್ಣೀರಿನ ಗಾಜಿನ ಕೊಳವೆ ಮುಟ್ಟಿಸಿ ಯಾವುದು ಬಿಸಿ ಎಂದು ಕೇಳಿದಾಗ ಊಹೆಯಲ್ಲೇ ಪಾರಾಗಿದ್ದ. ಆಮೇಲೆ ಕಣ್ಣು ಮುಚ್ಚಿ “ಬೆಚ್ಚಗೆ ಉಂಟು” ಎನ್ನುವುದೇ ಅವನ ಜಪವಾಯಿತು.

ನಾಲ್ಕನೆಯ ದಿನ ಇಮೆಲ್ಡಾ ಸ್ಟೂಲು ಎಳೆದ ಸದ್ದು ಕೇಳಿದ್ದೇ ತಡ, “ಬೆಚ್ಚಗೆ ಉಂಟು!” ಎಂದುಬಿಟ್ಟ.

“ಇನ್ನೂ ಸ್ವಿಚ್ಚೇ ಹಾಕಲಿಲ್ಲ, ಬಾಪ್ಪು.”

ಪಕ್ಕದ ಮಂಚದಲ್ಲಿದ್ದ ಮೀನು ವ್ಯಾಪಾರಿ ಶೇಕಬ್ಬ ನಕ್ಕ: “ಎಂತ ಮಾರಾಯ, ನಿನ್ನ ಕಾಲಿಗೆ ಕರೆಂಟು ಮನೆಯಿಂದಲೇ ಬರ್ತದಾ?”

ಕಜೆಟನ್ ಮುಖವನ್ನು ದಿಂಬಿಗೆ ಒತ್ತಿದ. ಇಮೆಲ್ಡಾ ಪರದೆ ಎಳೆದು, ಸೂಜಿ ಹಿಡಿದು ಅವನ ಹಿಮ್ಮಡಿಯ ಬಳಿ ಬಗ್ಗಿದಳು.

“ಚುಚ್ಚಿದ್ದು ಗೊತ್ತಾಯಿತಾ?”

“ಯಾವಾಗ ಚುಚ್ಚಿದಿ?”

ಅವಳು ಯಂತ್ರವನ್ನು ಬದಿಗೆ ಸರಿಸಿದಳು. “ಗೊತ್ತಾಗದ ಜಾಗಕ್ಕೆ ಇದನ್ನು ಇಟ್ಟರೆ ಒಳಗೆ ಸುಟ್ಟರೂ ನಿಮಗೆ ತಿಳಿಯುವುದಿಲ್ಲ. ಕೋಣವಾದರೆ ಒದ್ದು ಹೇಳ್ತದೆ. ನೀವು ಸುಳ್ಳು ಹೇಳ್ತೀರಿ.”

“ಕೋಣಕ್ಕೂ ಇಡ್ತಾರಾ ಇದನ್ನು?” ಚೆನ್ನನ ನೆನಪಾಗಿ ಕೇಳಿದ.

“ಹೊರದೇಶದಲ್ಲಿ ಕುದುರೆಗೆ ಇಡ್ತಾರಂತೆ, ಕೂದಲು ಬೋಳಿಸಿ. ಮೊಲದ ಕಾಲಿನಲ್ಲಿ ನರ ಬೇಗ ಕೂಡಿತಂತೆ. ಮನುಷ್ಯರಿಗೂ ಅಷ್ಟೇ ಗುಣ ಆಗ್ತದೆ ಅಂತ ನಾನು ಹೇಳುವುದಿಲ್ಲ.” ಬೆರಳು ಮೂರು ಹಳೆಯ ಗೆರೆಗಳ ಮೇಲೆ ನಿಂತಿತು. “ಇದು ಬರೆ ಅಲ್ವಾ? ಬರೆ ಹಾಕಿದಲ್ಲಿ ಸ್ಪರ್ಶ ಹೋಗುವುದುಂಟು. ಬೇರೆ ಎಂತದೂ ಇರಲಿಕ್ಕಿಲ್ಲ. ಆದರೂ ಚರ್ಮದ ಡಾಕ್ಟರಿಗೆ ಒಮ್ಮೆ ತೋರಿಸುವ. ನಾನೇ ಜೊತೆಗೆ ಬರ್ತೇನೆ.”

ಇರಲಿಕ್ಕಿಲ್ಲ ಎಂದಳು. ಇಲ್ಲ ಎನ್ನಲಿಲ್ಲ. ಆ ಡಾಕ್ಟರ ಬಾಗಿಲ ಮುಂದಿನ ಬೆಂಚು ಅವನು ಕಂಡದ್ದೇ. ಕಾರ್ಕಳ ಬಸ್ಸಿನಿಂದ ಇಳಿದವರೆಲ್ಲ ಅದರ ಎದುರಿನಿಂದಲೇ ಹಾದುಹೋಗುವುದು. ಮಂಚದಿಂದ ಇಳಿದು ಕೋಲು ಹಿಡಿದ. ಇಮೆಲ್ಡಾ ಅವನ ಮೊಣಕೈ ಹಿಡಿದಳು.

“ಕೈ ಬಿಡು, ಬಾಯೆ. ಕುಂಟನ ಮಗಳಿಗೆ ಗಂಡು ಸಿಗ್ತದೆ, ಆ ಬೆಂಚಿನಲ್ಲಿ ಕೂತವನ ಮಗಳಿಗೆ ಸಿಗುವುದಿಲ್ಲ. ನನಗೆ ಯಾರ ಸಹಾಯವೂ ಬೇಡ.”