ಕೊನೆಯ ಕಿಂಡಿಯ ಹಸಿವು

ಖಾಲಿ ಜಾಗ ಕಂಡರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಇದು ನಮ್ಮ ಮನಗೂಳಿಯ ಮನೆತನದ ರೋಗ. ಉಣ್ಣುವ ಹೊತ್ತಿಗೆ ಹೊಸ್ತಿಲ ಬಳಿ ಯಾರು ಸುಳಿದರೂ ನಮ್ಮಜ್ಜಿ "ಬರ್ರಿ, ಕೈ ತೊಳ್ಕೊರಿ" ಎಂದು ತಾಟು ಹಾಕಿಬಿಡುತ್ತಿದ್ದಳು. ಬುಟ್ಟಿಯಲ್ಲಿ ರೊಟ್ಟಿ ಎಷ್ಟಿವೆ ಎಂದು ನೋಡುವುದು ಆಮೇಲಿನ ಮಾತು.

ಈಗ ನಾನು ಮುದ್ದೇಬಿಹಾಳದ ಒಂದು ಹೆಣ್ಣುಮಕ್ಕಳ ವಸತಿನಿಲಯದಲ್ಲಿ ಕಂಪ್ಯೂಟರು, ಕ್ಯಾಮೆರಾ, ಫೋನುಗಳ ಯೋಗಕ್ಷೇಮ ನೋಡಿಕೊಳ್ಳುತ್ತೇನೆ. ಅಡಿಗೆಮನೆಯ ಪಕ್ಕದ ಪಡಸಾಲೆಯಲ್ಲಿ ಹಳೆಯದೊಂದು ನೆಟ್‌ವರ್ಕ್ ಸ್ವಿಚ್ಚು ಇತ್ತು. ದೀಪದ ಸ್ವಿಚ್ಚಲ್ಲ, ಸಾಲಾಗಿ ಕಿಂಡಿಗಳಿರುವ ತಗಡಿನ ಪೆಟ್ಟಿಗೆ. ಕಿಂಡಿಗೆ ತಂತಿ ಸಿಕ್ಕಿಸಿದರೆ ಅದೇ ತಂತಿಯಲ್ಲಿ ಮಾತೂ ಹೋಗುತ್ತದೆ, ಕರೆಂಟೂ ಹೋಗುತ್ತದೆ. ಅಮಾವಾಸ್ಯೆಗೊಮ್ಮೆ ನಮ್ಮಿಂದ ವಿಭೂತಿ ಹಚ್ಚಿಸಿಕೊಂಡು, ಪಾಪ, ಬಹಳ ವರ್ಷ ಎಲ್ಲರಿಗೂ ಬಡಿಸಿತ್ತು.

ಈ ವರ್ಷ ಗೇಟಿಗೆ ಕತ್ತು ತಿರುಗಿಸುವ ಕ್ಯಾಮೆರಾ ಬಂತು. ಓದುವ ಕೋಣೆಗೂ ನನ್ನ ಕೋಣೆಗೂ ಹೊಸ ವೈಫೈ ಡಬ್ಬಿಗಳು ಬಂದವು. ಕಿಂಡಿಗಳು ಖಾಲಿ ಇದ್ದವು, ನಾನು ಆ ಅಜ್ಜಿಯ ಮೊಮ್ಮಗ. ಬಂದವರನ್ನೆಲ್ಲ ಕೂಡಿಸಿದೆ. ಪೆಟ್ಟಿಗೆಯ ಹೊಟ್ಟೆಯಲ್ಲಿ ಕರೆಂಟು ಎಷ್ಟಿದೆ ಎಂದು ಯಾರು ನೋಡುತ್ತಾರೆ!

ಮರುದಿನದಿಂದ ಅಡಿಗೆಮನೆಯ ಫೋನು ಸತ್ತು ಸತ್ತು ಏಳತೊಡಗಿತು. ಫೋನು ಬದಲಿಸಿದೆ, ತಂತಿ ಬದಲಿಸಿದೆ, ಕೊನೆಗೆ ವಿಭೂತಿಯನ್ನೂ ಹೊಸದಾಗಿ ಬಳಿದೆ. ಅಡಿಗೆಯ ಸಂಗವ್ವ ಮಾತ್ರ ದಿನದಿನಕ್ಕೆ ಸಣ್ಣಗಾಗುತ್ತಿದ್ದಳು. ಆ ಕಲ್ಲುಗೋಡೆಯೊಳಗೆ ಮೊಬೈಲು ಹಿಡಿಯುವುದಿಲ್ಲ. ಮಗಳು ಮೋರಟಗಿಯಲ್ಲಿ ದಿನ ತುಂಬಿದ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲೇ, ತಾಯಿಯ ಕಣ್ಣೆದುರೇ, ಬಹಳ ಕಷ್ಟದಲ್ಲಿ ಆಗಿತ್ತು. ಎರಡನೆಯದು ಗಂಡನ ಮನೆಯಲ್ಲಿ. ಅಳಿಯ ಸುದ್ದಿ ಹೇಳಬೇಕಾದದ್ದು ಇದೇ ಫೋನಿಗೆ.

ಒಂದು ಮಧ್ಯಾಹ್ನ ಕ್ಯಾಮೆರಾದ ಕಣ್ಣು ಒರೆಸೋಣವೆಂದು ಪಡಸಾಲೆಯಲ್ಲಿ ಅದರ ತಂತಿ ಕಿತ್ತೆ. ಒಳಗಿನಿಂದ ಸಂಗವ್ವ ಕೂಗಿದಳು: "ಸರ, ಫೋನಿಗೆ ಜೀವ ಬಂತ್ರಿ!" ತಂತಿ ಮತ್ತೆ ಸಿಕ್ಕಿಸಿದೆ. "ಹೋತ್ರಿ!"

ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ಕರೆಂಟು ಸಾಲದಾದಾಗ ನಮ್ಮ ಸ್ವಿಚ್ಚು ಮೊದಲ ಕಿಂಡಿಯಿಂದ ಬಡಿಸುತ್ತ ಬಂದು ಕೊನೆಯ ಕಿಂಡಿಯ ಹತ್ತಿರ ಕೈ ಚೆಲ್ಲುತ್ತಿತ್ತು. ಕೊನೆಯ ಕಿಂಡಿ ಅಡಿಗೆಮನೆಯದು. ಅದೇನು ಹೊಸದಲ್ಲ ಬಿಡಿ, ನಮ್ಮ ಕಡೆ ಅಡಿಗೆಮನೆಯವರು ಯಾವತ್ತು ಮೊದಲು ಉಂಡಿದ್ದಾರೆ? ಅಜ್ಜಿಯೂ ಎಲ್ಲರ ತಾಟು ತೆಗೆದ ಮೇಲೆ "ನಂದ ಆತು" ಎನ್ನುತ್ತಿದ್ದಳು. ಏನು ಉಂಡಳೆಂದು ನಾವು ಕೇಳಿದವರಲ್ಲ.

ಹೆಚ್ಚು ಕರೆಂಟು ಕೊಡುವ ಹೊಸ ಸ್ವಿಚ್ಚು ವಿಜಯಪುರದಿಂದ ಬರುವುದು ತಡವೆಂದರು. ಅಲ್ಲಿಯವರೆಗೆ ಯಾರನ್ನು ಉಪವಾಸ ಕೆಡವುವುದು?

"ಕ್ಯಾಮೆರಾ ತೆಗೀಬ್ಯಾಡ್ರಿ ಸರ. ಹುಡುಗ್ಯಾರ ಕಾವಲದ್ದು ಐತಿ. ನಂದೇನ, ಹೆಂಗರ ಸುದ್ದಿ ತಿಳೀತೈತಿ" ಎಂದಳು ಸಂಗವ್ವ, ಒಲೆಯ ಕಡೆ ನೋಡುತ್ತ. ನಾನು ಪಡಸಾಲೆಗೆ ಹೋದೆ. ನನ್ನ ಕೋಣೆಯ ವೈಫೈ ಡಬ್ಬಿಯ ತಂತಿ ಕಿತ್ತೆ. ಅಡಿಗೆಮನೆಯ ಫೋನು ಕಣ್ಣು ಬಿಟ್ಟಿತು, ಮತ್ತೆ ಮುಚ್ಚಲಿಲ್ಲ.

ಈಗ ಹೊಸ ಸ್ವಿಚ್ಚು ಬಂದಿದೆ. ಎಲ್ಲರಿಗೂ ಹೊಟ್ಟೆತುಂಬ ಬಡಿಸುತ್ತದೆ. ಆದರೂ ಇರಲಿ ಎಂದು ಮೊದಲ ಕಿಂಡಿಯನ್ನು ಅಡಿಗೆಮನೆಗೇ ಕೊಟ್ಟಿದ್ದೇನೆ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಮಾತ್ರ ಅದು ಬರುವುದಕ್ಕೆ ಮುಂಚಿನ ಒಂದು ಸಂಜೆ.

ಹುಡುಗಿಯರು ಊಟಕ್ಕೆ ಕೂತಿದ್ದರು. ಫೋನು ಬಡಿದುಕೊಂಡಿತು. ಸಂಗವ್ವ ಸೌಟು ಹಿಡಿದೇ ಓಡಿದಳು. "ಗಂಡೋ ಹೆಣ್ಣೋ ಆಮ್ಯಾಲ ಹೇಳ್ರಿ, ಆಕಿ ಹೆಂಗದಾಳ?" ಎಂಬ ಕೂಗು ನಮಗೆಲ್ಲ ಕೇಳಿಸಿತು. ತಾಯಿ ಆರಾಮ, ಹೆಣ್ಣುಕೂಸೂ ಆರಾಮ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅವಳು ಹೊರಬರುವಷ್ಟರಲ್ಲಿ ಹುಡುಗಿಯರು ಸಾಲಿನ ಮೊದಲಿಗೆ ಒಂದು ತಾಟು ಬಡಿಸಿಟ್ಟು, ತಮ್ಮ ತಾಟು ಮುಟ್ಟದೆ ಕಾಯುತ್ತಿದ್ದರು.

"ಅಯ್ಯ, ಉಣ್ರೇ ನನ್ನವ್ವಗೋಳ್ರಾ!"

"ಸಂಗವ್ವಾ, ಇವತ್ತ ಮೊದ್ಲ ನೀ."

ಅಂದು ಸಂಗವ್ವ ಮೊದಲು ಉಂಡಳು. ಕೊನೆಗೆ ಕೂತವನು ನಾನು. ಬುಟ್ಟಿಯಲ್ಲಿ ಒಂದು ಮುರುಕು ರೊಟ್ಟಿ ಉಳಿದಿತ್ತು. "ಸರ, ನಿಮಗ ಸಾಲಿಲ್ಲೇನ್ರಿ?" ಎಂದು ಅವಳು ಕೇಳಿದಾಗ, ಅಜ್ಜಿಯ ಮಾತು ತಾನಾಗಿ ನನ್ನ ಬಾಯಿಗೆ ಬಂತು:

"ನಂದ ಆತವ್ವಾ."