ಯಾರಿಗೂ ಏನೂ ಆಗದ ನೋಟರಿ

ಮಗಳ ಸ್ಕೂಲ್ ಅಡ್ಮಿಷನ್‌ಗೆ ನಮ್ಮ ಬಾಡಿಗೆ ಅಗ್ರಿಮೆಂಟ್ ನೋಟರಿ ಆಗಬೇಕಿತ್ತು. ಮಾರನೇ ದಿನವೇ ಕೊನೆ. ಸೀಲು ಎತ್ತಿದ್ದ ಸಿಂಗಸಂದ್ರದ ನೋಟರಿ, ಓನರ್ ಹೆಸರು ನೋಡಿ ಹಾಗೇ ಕೆಳಗಿಟ್ಟರು.

“ಇವ್ರು ನಮ್ಮ ಭಾವ ಕಣಮ್ಮ. ಸಂಬಂಧಿಕರ ಪತ್ರಕ್ಕೆ ನಾನು ಸೀಲು ಹಾಕೋ ಹಂಗಿಲ್ಲ. ಎದುರುಗಡೆ ಇನ್ನೊಬ್ರು ನೋಟರಿ ಮೇಡಂ ಇದ್ದಾರೆ, ಅಲ್ಲಿಗೆ ಹೋಗು.” ಬಲವಂತ ಮಾಡಿ ಕಾಫಿ ಕುಡಿಸಿಯೇ ಕಳಿಸಿದರು.

ಆ ಮೇಡಂ ಕೂಡ ಓನರ್ ಹೆಸರು ಓದಿ ನಕ್ಕುಬಿಟ್ಟರು. “ಅಯ್ಯೋ, ನಮ್ಮ ಚಿಕ್ಕಪ್ಪ ಕಣ್ರೀ! ನನಗೂ ಆಗಲ್ಲ.” ಅಲ್ಲೂ ಕಾಫಿ.

ಬೆಂಗಳೂರಲ್ಲಿ ಯಾರಿಗೂ ಯಾರೂ ಇಲ್ಲ ಅಂತ ದಿನಾ ಗೊಣಗುತ್ತಿದ್ದವಳು ನಾನು. ನಮ್ಮ ಓನರ್‌ಗೆ ಏನೂ ಆಗದ ಒಬ್ಬ ನೋಟರಿಯನ್ನು ಹುಡುಕಿಕೊಂಡು ಕೊನೆಗೆ ವೈಟ್‌ಫೀಲ್ಡ್‌ವರೆಗೂ ಹೋದೆ. ಅಲ್ಲಿ ಸೀಲು ಟಪ್ಪಂತ ಬಿತ್ತು. ಕಾಫಿ ಕುಡೀತೀರಾ ಅಂತ ಮಾತ್ರ ಯಾರೂ ಕೇಳಲಿಲ್ಲ.